ಶಾಲೆಯಿಂದ ಮನೆಗೆ ವಾರಕ್ಕೊಂದು ಓಲೆ

ವಿಜ್ಞಾನದ ಮಾಸಪತ್ರಿಕೆಯಲ್ಲಿ ಪ್ರಾಥಮಿಕ ಶಾಲೆಯಿಂದ ಮನೆಗೆ ಹೋಗುವ ವಾರದ ಓಲೆಯನ್ನು ಕುರಿತು ಬರೆಯ ಹೊರಟರೆ ವಾಚಕರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ನಕ್ಷತ್ರಗಳ ಹುಟ್ಟುಸಾವನ್ನೋ ಪರಮಾಣುವಿನ ಅಂತರಂಗವನ್ನೋ ಬಿಟ್ಟು, ಆರನೆಯ ತರಗತಿಯಲ್ಲಿ ಈ ವಾರ ಏನು ಪಾಠವಾಯಿತೆಂಬುದನ್ನು ತಂದೆತಾಯಿಗಳಿಗೆ ತಿಳಿಸುವ ಬಗೆಯನ್ನು ಚರ್ಚಿಸುವುದರಲ್ಲಿ ವಿಜ್ಞಾನವೇನಿದೆ ಎಂದು ಅವರು ಕೇಳಿಯಾರು. ವಿಜ್ಞಾನವಿದೆ. ಯಾವುದನ್ನು ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ ಅಳೆಯಬೇಕು, ಅಳತೆಯ ಫಲವನ್ನು ಯಾರಿಗೆ ಯಾವ ರೀತಿಯಲ್ಲಿ ಹೇಳಬೇಕು ಎಂಬುವು ಭೌತವಿಜ್ಞಾನದ ಅಭ್ಯಾಸಿಗೆ ನಿತ್ಯದ ಪ್ರಶ್ನೆಗಳು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಉಂಟು. ನಮ್ಮ ನಾಡಿನಲ್ಲಿ ವಿಜ್ಞಾನವು ಮನೆಯ ಹೊಸ್ತಿಲನ್ನು ದಾಟಿ ಒಳಕ್ಕೆ ಬರುವುದೋ ಹೊರಗೇ ನಿಲ್ಲುವುದೋ ಎಂಬುದು ಬಹುಮಟ್ಟಿಗೆ ಮಗುವಿನ ಹತ್ತರಿಂದ ಹದಿಮೂರರ ವಯಸ್ಸಿನೊಳಗೆ ತೀರ್ಮಾನವಾಗುತ್ತದೆಂದು ನಾವು ನಂಬಿದ್ದೇವೆ.

ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಗು ಶಾಲೆಯಲ್ಲಿ ಏನು ಕಲಿಯುತ್ತಿದೆಯೆಂಬುದು ಮನೆಯವರ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಅಕ್ಷರಗಳು ದುಂಡಗಾಗುತ್ತವೆ, ಮಗ್ಗಿ ಬಾಯಿಗೆ ಬರುತ್ತದೆ, ಪದ್ಯವನ್ನು ಮಗು ಜಗಲಿಯ ಮೇಲೆ ನಿಂತು ಒಪ್ಪಿಸುತ್ತದೆ. ಓದು ಬಾರದ ತಾಯಿಯೂ ಮಗ್ಗಿ ಎಲ್ಲಿ ತೊಡರಿತೆಂಬುದನ್ನು ಗುರುತಿಸಬಲ್ಲಳು. ಐದನೆಯ ತರಗತಿಯನ್ನು ಮುಟ್ಟಿದೊಡನೆ ಪರಿಸ್ಥಿತಿ ಬೇರೆಯಾಗುತ್ತದೆ. ಭಿನ್ನರಾಶಿಗಳ ಗುಣಾಕಾರ, ದಶಮಾಂಶ, ಅಕ್ಷಾಂಶ, ರೇಖಾಂಶ, ಬಾಷ್ಪೀಕರಣ, ದ್ಯುತಿಸಂಶ್ಲೇಷಣೆ ಮೊದಲಾದ ಪದಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದು ಪದವೂ ಮನೆಯ ಮಾತಿನಿಂದ ಒಂದೊಂದು ಗಾವುದ ದೂರದಲ್ಲಿ ನಿಲ್ಲುತ್ತದೆ. "ನಮಗೇನು ತಿಳಿಯುತ್ತದಪ್ಪ, ಮೇಷ್ಟರನ್ನೇ ಕೇಳು" ಎಂದು ತಂದೆ ಹಿಂದಕ್ಕೆ ಸರಿಯುತ್ತಾನೆ. ಅಂದಿನಿಂದ ಮನೆಯಲ್ಲಿ ಉಳಿಯುವ ಪ್ರಶ್ನೆ ಒಂದೇ: "ಎಷ್ಟು ಬಂತು?" ಏನು ಕಲಿತೆಯೆಂಬ ಪ್ರಶ್ನೆ ಹೋಗಿ ಎಷ್ಟು ಬಂತೆಂಬ ಪ್ರಶ್ನೆ ಉಳಿದ ದಿನವೇ ಮನೆಗೂ ಶಾಲೆಗೂ ನಡುವಿನ ಬಾಗಿಲು ಮುಚ್ಚಿದ ದಿನ.

ಬಾಗಿಲು ಮುಚ್ಚಿದುದರ ಫಲವನ್ನು ನಾವು ಕಾಲೇಜಿನಲ್ಲಿ ಪ್ರತಿ ವರ್ಷವೂ ಕಾಣುತ್ತೇವೆ. ಗುಪ್ತೋಷ್ಣದ ನಿರೂಪಣೆಯನ್ನು ಒಂದಕ್ಷರ ತಪ್ಪದೆ ಬರೆಯುವ ವಿದ್ಯಾರ್ಥಿಗೆ, ಬೇಸಗೆಯಲ್ಲಿ ತನ್ನ ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕುಳಿತಿರುವ ಮಣ್ಣಿನ ಮಡಕೆ ಆ ನಿರೂಪಣೆಯನ್ನೇ ದಿನವೂ ಪ್ರಯೋಗಿಸಿ ತೋರಿಸುತ್ತಿದೆಯೆಂಬುದು ಹೊಳೆದಿರುವುದಿಲ್ಲ. ಮಡಕೆ ಹಳೆಯದಾದಂತೆ ನೀರು ಮೊದಲಿನಷ್ಟು ತಣ್ಣಗಾಗುವುದಿಲ್ಲವೆಂಬುದು ಅವನ ಅಜ್ಜಿಗೆ ಗೊತ್ತು. ನೀರಿನಲ್ಲಿ ಕರಗಿದ ಲವಣಗಳು ಮಡಕೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದರಿಂದ ಹೊರಮೈಗೆ ಜಿನುಗುವ ನೀರು ಕಡಮೆಯಾಗಿ, ಆವಿಯಾಗುವುದೂ ಕಡಮೆಯಾಗುತ್ತದೆಂಬುದು ಅವನಿಗೆ ಗೊತ್ತಾಗಬಹುದಾಗಿತ್ತು. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದಾರೆ. ಒಬ್ಬರ ತಿಳಿವಳಿಕೆ ಇನ್ನೊಬ್ಬರನ್ನು ಮುಟ್ಟಿಲ್ಲ. ಶಾಲೆಯ ವಿಜ್ಞಾನ ಪರೀಕ್ಷೆಗೆ, ಮನೆಯ ತಿಳಿವು ಬದುಕಿಗೆ ಎಂಬ ಈ ಬೇರ್ಪಾಡು ಹುಟ್ಟಿದುದು ಕಾಲೇಜಿನಲ್ಲಲ್ಲ, ಹಿರಿಯ ಪ್ರಾಥಮಿಕ ಶಾಲೆಯಲ್ಲಿ.

ಶಾಲೆಯು ತಂದೆತಾಯಿಗಳಿಗೆ ಸುದ್ದಿ ತಿಳಿಸಬೇಕೆಂಬುದು ಹೊಸ ಮಾತಲ್ಲ. ಅದು ಕಾನೂನಿನಲ್ಲಿಯೇ ಇದೆ. ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕಿನ ಅಧಿನಿಯಮದ ೨೪ನೆಯ ಪ್ರಕರಣವು ಉಪಾಧ್ಯಾಯರ ಕರ್ತವ್ಯಗಳನ್ನು ಎಣಿಸುತ್ತ, ಪೋಷಕರೊಡನೆ ನಿಯತವಾಗಿ ಸಭೆ ಸೇರಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿನ ಪ್ರಗತಿ ಇವುಗಳನ್ನು ತಿಳಿಸತಕ್ಕದ್ದೆಂದು ಹೇಳುತ್ತದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, ಭೌತವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ವಿಚಾರಗಳ ಹಿನ್ನೆಲೆಯಲ್ಲಿ, ೨೦೦೧ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟು ಪೋಷಕರಿಗೆ ಅವುಗಳಲ್ಲಿ ಸ್ಥಾನ ದೊರೆಯಿತು. ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕಲಿಕೆಯನ್ನು ತೋರಿಸುವ 'ಸಮುದಾಯದತ್ತ ಶಾಲೆ' ಎಂಬ ಕಾರ್ಯಕ್ರಮವೂ ನಮ್ಮಲ್ಲಿ ನಡೆದಿದೆ. ವ್ಯವಸ್ಥೆಗೆ ಕೊರತೆಯಿಲ್ಲ. ಕೊರತೆ ಇರುವುದು ಸುದ್ದಿಯ ಸ್ವರೂಪದಲ್ಲಿ.

ಈಗ ಮನೆಗೆ ತಲಪುವ ಸುದ್ದಿ ಯಾವುದು? ಒಂದು, ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಫಲಿತಾಂಶ. ಇನ್ನೊಂದು, ಖಾಸಗಿ ಶಾಲೆಗಳಲ್ಲಿ ಡೈರಿಯ ಮೂಲಕವೂ, ಈಚೆಗೆ ಎಲ್ಲ ಬಗೆಯ ಶಾಲೆಗಳಲ್ಲಿಯೂ ವಾಟ್ಸಾಪ್ ಗುಂಪಿನ ಮೂಲಕವೂ ಬರುವ ಸೂಚನೆಗಳು: ನಾಳೆ ಬಿಳಿಯ ಸಮವಸ್ತ್ರ, ಶುಲ್ಕದ ಕೊನೆಯ ದಿನಾಂಕ, ೪೭ನೆಯ ಪುಟದ ಲೆಕ್ಕಗಳು, ವಾರದ ಕಿರುಪರೀಕ್ಷೆಯಲ್ಲಿ ಯಾರಿಗೆ ಎಷ್ಟು. ಇವೆಲ್ಲ ಬೇಕಾದುವೇ ಇರಬಹುದು. ಆದರೆ ಇವನ್ನೆಲ್ಲ ಓದಿದ ತಂದೆಗೆ, ತನ್ನ ಮಗಳು ಈ ವಾರ ಯಾವ ಹೊಸ ವಿಚಾರವನ್ನು ಎದುರಿಸಿದಳೆಂಬುದು ತಿಳಿಯುವುದಿಲ್ಲ. ತಿಳಿಯದವನು ಮಾತನಾಡುವುದಾದರೂ ಏನನ್ನು?

ವಾರದ ಅಂಕಗಳನ್ನು ಕಳುಹಿಸಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಭೌತವಿಜ್ಞಾನದ ಪ್ರಯೋಗಶಾಲೆ ನಮ್ಮ ನೆರವಿಗೆ ಬರುತ್ತದೆ. ಅಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠವೆಂದರೆ, ಪ್ರತಿಯೊಂದು ಅಳತೆಯಲ್ಲಿಯೂ ಆಕಸ್ಮಿಕವಾದ ಏರಿಳಿತವಿರುತ್ತದೆ. ಆ ಏರಿಳಿತ ಎಷ್ಟೆಂಬುದನ್ನು ತಿಳಿಯದೆ ಎರಡು ಅಳತೆಗಳನ್ನು ಹೋಲಿಸಬಾರದು ಎಂಬುದು. ಒಂದು ಮಗುವಿಗೆ ಪಾಠದ ನೂರರಲ್ಲಿ ಅರುವತ್ತು ಪಾಲು ಗೊತ್ತಿದೆಯೆಂದು ಭಾವಿಸೋಣ. ಆ ಪಾಠದಿಂದ ಹತ್ತು ಪ್ರಶ್ನೆಗಳನ್ನು ಆರಿಸಿ ಕೇಳಿದರೆ ಅದಕ್ಕೆ ಆರು ಅಂಕ ಬರಬೇಕೆಂದು ತೋರುತ್ತದೆ. ಸಂಭಾವ್ಯತೆಯ ಗಣಿತವನ್ನು ಬಲ್ಲ ವಾಚಕರು ಲೆಕ್ಕ ಹಾಕಿ ನೋಡಲಿ: ಇಂಥ ಪರೀಕ್ಷೆಯ ಮಾನಕ ವಿಚಲನೆ ಸುಮಾರು ಒಂದೂವರೆ ಅಂಕ. ಹತ್ತು ವಾರಗಳಲ್ಲಿ ಒಂಬತ್ತು ವಾರ ಆ ಮಗುವಿಗೆ ನಾಲ್ಕರಿಂದ ಎಂಟರವರೆಗೆ ಯಾವ ಅಂಕ ಬೇಕಾದರೂ ಬರಬಹುದು. ಉಳಿದೊಂದು ವಾರ ಅದಕ್ಕೂ ಕೆಳಗೆ ಅಥವಾ ಮೇಲೆ. ಈ ಕಾಲದಲ್ಲೆಲ್ಲ ಮಗುವಿನ ತಿಳಿವಳಿಕೆ ಕೂದಲೆಳೆಯಷ್ಟೂ ಬದಲಾಗಿಲ್ಲವೆಂಬುದನ್ನು ನೆನಪಿಡಬೇಕು. ಎಂಟು ಬಂದ ವಾರ ಮನೆಯಲ್ಲಿ ಸಿಹಿ, ನಾಲ್ಕು ಬಂದ ವಾರ ಪೆಟ್ಟು. ಎರಡೂ ನಾಣ್ಯವನ್ನು ಚಿಮ್ಮಿ ಕೊಟ್ಟ ತೀರ್ಪುಗಳು. ಅಂಕಗಳಿಗೆ ಅರ್ಥ ಬರುವುದು ಅನೇಕ ಪರೀಕ್ಷೆಗಳ ಸರಾಸರಿಯನ್ನು ತೆಗೆದಾಗ. ಒಂದು ವಾರದ ಅಂಕ ಸುದ್ದಿಯಲ್ಲ, ಸದ್ದು. ಅದೇ ವಾರ ತರಗತಿಯಲ್ಲಿ ಭಿನ್ನರಾಶಿಗಳ ಗುಣಾಕಾರವನ್ನು ಕಲಿಸಲಾಯಿತೆಂಬುದಾದರೋ ಏರಿಳಿತವಿಲ್ಲದ, ಸಂದೇಹವಿಲ್ಲದ ಸಂಗತಿ. ಆದುದರಿಂದ ವಾರದ ಓಲೆಯಲ್ಲಿ ಬರೆಯಲು ಯೋಗ್ಯವಾದುದು ಅಂಕವಲ್ಲ, ಪಾಠ.

ಹಾಗಾದರೆ ವಾರಕ್ಕೊಮ್ಮೆಯೇ ಏಕೆ? ಅರ್ಧ ವರ್ಷಕ್ಕೊಮ್ಮೆ ವಿವರವಾಗಿ ತಿಳಿಸಬಾರದೆ? ಇದಕ್ಕೆ ಉತ್ತರ ನಿಮ್ಮ ಸ್ನಾನದ ಮನೆಯಲ್ಲಿದೆ. ನೀರು ಕಾಯಿಸುವ ಗೀಸರು ನಲ್ಲಿಯಿಂದ ದೂರದಲ್ಲಿದ್ದು ನಡುವೆ ಉದ್ದನೆಯ ಕೊಳವೆಯಿದೆಯೆಂದುಕೊಳ್ಳಿ. ನೀರು ತಣ್ಣಗಿದೆಯೆಂದು ಬಿಸಿನೀರಿನ ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೀರಿ. ಬಿಸಿ ಬರಲು ತಡವಾಗುವುದರಿಂದ ಮತ್ತಷ್ಟು ತಿರುಗಿಸುತ್ತೀರಿ. ಕೊನೆಗೆ ಕೈ ಸುಡುವ ನೀರು ಬರುತ್ತದೆ. ಕೂಡಲೆ ಮುಚ್ಚುತ್ತೀರಿ, ಮತ್ತೆ ತಣ್ಣೀರು. ಕೈ ಮಾಡಿದ ಕೆಲಸಕ್ಕೂ ಅದರ ಫಲ ಕೈಗೆ ತಿಳಿಯುವುದಕ್ಕೂ ನಡುವೆ ವಿಳಂಬ ಹೆಚ್ಚಾದಷ್ಟೂ ತಿದ್ದುವಿಕೆ ತಪ್ಪುತ್ತದೆ. ವ್ಯವಸ್ಥೆ ಆ ಕಡೆಗೂ ಈ ಕಡೆಗೂ ಓಲಾಡುತ್ತದೆ. ಅಕ್ಟೋಬರಿನಲ್ಲಿ ಬಂದ ಫಲಿತಾಂಶದಿಂದ ಜುಲೈ ತಿಂಗಳ ದಶಮಾಂಶದ ಗೊಂದಲವನ್ನು ತಿದ್ದ ಹೊರಟ ಮನೆಯಲ್ಲಿ ನಡೆಯುವುದೂ ಇದೇ: ಜುಲೈನಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ಅಕ್ಟೋಬರಿನಲ್ಲಿ ಬೈಗುಳವೂ ಮನೆಪಾಠವೂ ಒಟ್ಟಿಗೆ ಬಂದುವು. ಇನ್ನು ದಿನಕ್ಕೆ ಹತ್ತು ಸಂದೇಶ ಬಂದರೆ, ಬೇಕಾದ ಮಾತು ಬೇಡದ ಮಾತುಗಳ ನಡುವೆ ಕಳೆದುಹೋಗಿ ಓದುವವರು ಓದುವುದನ್ನೇ ನಿಲ್ಲಿಸುತ್ತಾರೆ. ಪಾಠದ ಒಂದು ಘಟಕ ಸಾಮಾನ್ಯವಾಗಿ ಕೆಲವು ದಿನ ನಡೆಯುತ್ತದೆ; ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಭಾನುವಾರ. ಈ ಎರಡಕ್ಕೂ ಹೊಂದುವ ಅವಧಿ ವಾರ.

ಇದೆಲ್ಲ ಊಹೆಯ ಮಾತೆಂದು ವಾಚಕರು ತಿಳಿಯಬಾರದು. ಪ್ರಯೋಗಗಳು ನಡೆದಿವೆ. ಅಮೆರಿಕದ ಒಂದು ನಗರದಲ್ಲಿ, ಅನುತ್ತೀರ್ಣರಾಗಿ ಬೇಸಗೆಯಲ್ಲಿ ಅದೇ ಪಾಠಗಳನ್ನು ಮತ್ತೆ ಕಲಿಯುತ್ತಿದ್ದ ಪ್ರೌಢಶಾಲೆಯ ವಿದ್ಯಾರ್ಥಿಗಳ ವಿಷಯದಲ್ಲಿ ಕ್ರಾಫ್ಟ್ ಮತ್ತು ರಾಜರ್ಸ್ ಎಂಬ ಸಂಶೋಧಕರು ಒಂದು ಪರೀಕ್ಷೆ ನಡೆಸಿ ೨೦೧೫ರಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದಂತೆ ಕೆಲವು ವಿದ್ಯಾರ್ಥಿಗಳನ್ನು ಆರಿಸಿ, ಅವರ ಮನೆಗೆ ಉಪಾಧ್ಯಾಯರ ಒಂದೇ ಒಂದು ವಾಕ್ಯವನ್ನು ವಾರಕ್ಕೊಮ್ಮೆ ತಲಪಿಸಿದರು. ಉಳಿದವರಿಗೆ ಏನನ್ನೂ ಕಳುಹಿಸಲಿಲ್ಲ. ಏನೂ ಹೋಗದ ಗುಂಪಿನಲ್ಲಿ ನೂರಕ್ಕೆ ಸುಮಾರು ೧೫.೮ ಮಂದಿ ಮತ್ತೆ ತೇರ್ಗಡೆಯಾಗದೆ ಉಳಿದರು; ವಾಕ್ಯ ಹೋದ ಗುಂಪಿನಲ್ಲಿ ಹಾಗೆ ಉಳಿದವರು ೯.೩ ಮಂದಿ. ಚೆನ್ನಾಗಿ ಓದುತ್ತಿದ್ದಾನೆಂಬ ಮೆಚ್ಚುಗೆಯ ವಾಕ್ಯಕ್ಕಿಂತ, ಮುಂದೆ ಯಾವುದನ್ನು ಸರಿಪಡಿಸಿಕೊಳ್ಳಬೇಕೆಂದು ಹೇಳಿದ ವಾಕ್ಯ ಹೆಚ್ಚು ಫಲ ಕೊಟ್ಟಿತು.

ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ ಪ್ರಯೋಗ ಆಫ್ರಿಕದ ಬೋಟ್ಸ್ವಾನ ದೇಶದಲ್ಲಿ ನಡೆದದ್ದು. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಮೂರರಿಂದ ಐದನೆಯ ತರಗತಿಯ ಮಕ್ಕಳಿದ್ದ ಸುಮಾರು ೪,೫೦೦ ಮನೆಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿದರು. ಒಂದು ಪಂಗಡಕ್ಕೆ ವಾರಕ್ಕೊಮ್ಮೆ ಕೆಲವು ಸರಳ ಲೆಕ್ಕಗಳನ್ನು ಫೋನಿನ ಕಿರುಸಂದೇಶವಾಗಿ ಕಳುಹಿಸಿದರು. ಎರಡನೆಯ ಪಂಗಡಕ್ಕೆ ಅದೇ ಸಂದೇಶ. ಅದರ ಜೊತೆಗೆ ಶಿಕ್ಷಕರೊಬ್ಬರು ವಾರಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಫೋನಿನಲ್ಲಿ ತಾಯಿ ಅಥವಾ ತಂದೆಯೊಡನೆಯೂ ಮಗುವಿನೊಡನೆಯೂ ಮಾತನಾಡಿ ಆ ಲೆಕ್ಕಗಳನ್ನು ಬಿಡಿಸಲು ನೆರವಾದರು. ಮೂರನೆಯ ಪಂಗಡಕ್ಕೆ ಏನೂ ಇಲ್ಲ. ಫಲ ಏನಾಯಿತು? ಮಾತು ನಡೆದ ಮನೆಗಳ ಮಕ್ಕಳ ಕಲಿಕೆ ೦.೧೨ ಮಾನಕ ವಿಚಲನೆಯಷ್ಟು ಮೇಲೇರಿತು. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಡುವಿದ್ದ ಮಗು ಸುಮಾರು ಐದು ಸ್ಥಾನ ಮುಂದೆ ಹೋದಂತೆ. ಬರಿಯ ಸಂದೇಶ ಹೋದ ಮನೆಗಳಲ್ಲಿ ಗಮನಿಸತಕ್ಕ ವ್ಯತ್ಯಾಸವೇ ಕಾಣಲಿಲ್ಲ. ಮುಂದೆ ಭಾರತ, ನೇಪಾಳ, ಫಿಲಿಪೈನ್ಸ್, ಕೀನ್ಯಾ, ಉಗಾಂಡ ಈ ಐದು ದೇಶಗಳಲ್ಲಿ ಅದೇ ಮಾದರಿಯನ್ನು ಪರೀಕ್ಷಿಸಿದಾಗಲೂ ಫೋನಿನಲ್ಲಿ ಮಾತನಾಡಿ ಕಲಿಸಿದುದು ಫಲಕಾರಿಯೆಂದು ಕಂಡುಬಂದಿತು.

ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೇಲ್ನೋಟಕ್ಕೆ ವಿರೋಧ ತೋರುತ್ತದೆ. ಒಂದು ಕಡೆ ಒಂದು ವಾಕ್ಯ ಕೆಲಸ ಮಾಡಿತು. ಇನ್ನೊಂದು ಕಡೆ ಬರಹದ ಸಂದೇಶ ಕೆಲಸ ಮಾಡಲಿಲ್ಲ. ನಾವು ಇದನ್ನು ಹೀಗೆ ಅರ್ಥಮಾಡಿಕೊಳ್ಳುತ್ತೇವೆ. ಕಾಗದವಾಗಲಿ ಫೋನಾಗಲಿ ತಾನಾಗಿ ಏನನ್ನೂ ಮಾಡದು. ಅದು ಮನೆಯಲ್ಲಿ ಒಂದು ಮಾತುಕತೆಯನ್ನು ಹುಟ್ಟಿಸಿದರೆ ಫಲವುಂಟು, ಹುಟ್ಟಿಸದಿದ್ದರೆ ಇಲ್ಲ. ಅಮೆರಿಕದ ಆ ತಂದೆತಾಯಿಗಳಿಗೆ ಮಗನೊಡನೆ ಏನು ಮಾತನಾಡಬೇಕೆಂಬುದು ಆ ಒಂದು ವಾಕ್ಯದಿಂದ ತಿಳಿಯಿತು. ಬೋಟ್ಸ್ವಾನದ ಮನೆಗಳಲ್ಲಿ ಫೋನಿನ ಆಚೆಯ ದನಿ ಮಾತನ್ನು ಆರಂಭಿಸಿಕೊಟ್ಟಿತು. ನಮ್ಮ ವಾರದ ಓಲೆಯನ್ನು ಅಳೆಯಬೇಕಾದ ಒರೆಗಲ್ಲು ಇದೊಂದೇ: ಇದನ್ನು ಓದಿದ ಮೇಲೆ ಮನೆಯಲ್ಲಿ ಮಾತು ಹುಟ್ಟುವುದೆ?

ಅಂಥ ಓಲೆ ಹೇಗಿರಬೇಕೆಂಬುದಕ್ಕೆ ಒಂದು ಮಾದರಿಯನ್ನು ಕೊಡುತ್ತೇವೆ. "ಆರನೆಯ ತರಗತಿ, ವಿಜ್ಞಾನ. ಬೆರೆತ ವಸ್ತುಗಳನ್ನು ಬೇರ್ಪಡಿಸುವ ವಿಧಾನಗಳನ್ನು ಈ ವಾರ ಕಲಿತೆವು: ತೂರುವುದು, ಜರಡಿ ಹಿಡಿಯುವುದು, ತಿಳಿಯಾಗಲು ಬಿಟ್ಟು ಬಸಿಯುವುದು, ಸೋಸುವುದು. ನಿಮ್ಮ ಮನೆಯಲ್ಲಿ ಒಂದು ಹೊತ್ತಿನ ಅಡಿಗೆಯಲ್ಲಿ ಇವುಗಳಲ್ಲಿ ಯಾವ ಯಾವ ವಿಧಾನಗಳನ್ನು ಬಳಸುವಿರೆಂಬುದನ್ನು ಮಗುವಿಗೆ ತೋರಿಸಿರಿ. ಅಕ್ಕಿಯಲ್ಲಿರುವ ಸಣ್ಣ ಕಲ್ಲನ್ನು ತೆಗೆಯಲು ಜರಡಿ ಏಕೆ ಸಾಲದು? ನೀವು ಏನು ಮಾಡುವಿರಿ? ಉತ್ತರವನ್ನು ಸೋಮವಾರ ಮಗುವಿನ ಬಾಯಿಂದ ಕೇಳುತ್ತೇವೆ." ಇಷ್ಟೇ. ಹತ್ತು ಸಾಲಿಗಿಂತ ಹೆಚ್ಚಿಲ್ಲ. ಇದರಲ್ಲಿ ಮೂರು ಅಂಗಗಳಿವೆ: ಏನು ಕಲಿತೆವು, ಮನೆಯಲ್ಲಿ ಏನು ಮಾಡಬಹುದು, ಮನೆಯಿಂದ ಏನು ಬೇಕು. ಮೂರನೆಯದನ್ನು ಕೈಬಿಟ್ಟರೆ ಓಲೆ ಸುತ್ತೋಲೆಯಾಗುತ್ತದೆ.

ಸೋಮವಾರ ಬರುವ ಉತ್ತರವನ್ನು ಕೊಂಚ ಊಹಿಸೋಣ. ಜರಡಿಯ ಕಣ್ಣು ಗಾತ್ರವನ್ನು ನೋಡುತ್ತದೆ; ಕಲ್ಲು ಅಕ್ಕಿಯಷ್ಟೇ ದಪ್ಪವಿದ್ದರೆ ಅದು ಎರಡನ್ನೂ ಒಂದೇ ರೀತಿ ಕಾಣುತ್ತದೆ. ಆದುದರಿಂದ ತಾಯಿ ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತಾಳೆ. ಪಾತ್ರೆಯನ್ನು ಮೆಲ್ಲನೆ ಅಲ್ಲಾಡಿಸುತ್ತ ಅಕ್ಕಿಯನ್ನು ನೀರಿನೊಡನೆ ಇನ್ನೊಂದು ಪಾತ್ರೆಗೆ ಜಾರಿಸುತ್ತಾಳೆ. ಕಲ್ಲು ತಳದಲ್ಲಿ ಉಳಿಯುತ್ತದೆ. ಏಕೆ? ಅಕ್ಕಿಯ ಕಾಳಿನ ಸಾಂದ್ರತೆ ನೀರಿನದರ ಸುಮಾರು ೧.೪ರಷ್ಟು, ಕಲ್ಲಿನದು ಸುಮಾರು ೨.೬ರಷ್ಟು. ಗಾಳಿಯಲ್ಲಿ ತೂಗಿದರೆ ಒಂದೇ ಗಾತ್ರದ ಕಲ್ಲು ಅಕ್ಕಿಯ ಎರಡರಷ್ಟೂ ಭಾರವಿಲ್ಲ. ನೀರಿನಲ್ಲಿ ಮುಳುಗಿಸಿದಾಗ ಆರ್ಕಿಮಿಡೀಸನ ನಿಯಮದಂತೆ ಎರಡರ ತೂಕವೂ ಅವು ಸ್ಥಳಾಂತರಿಸಿದ ನೀರಿನಷ್ಟು ಇಳಿಯುತ್ತದೆ; ಅಕ್ಕಿಗೆ ಉಳಿಯುವುದು ೦.೪, ಕಲ್ಲಿಗೆ ೧.೬. ಈಗ ಕಲ್ಲು ಅಕ್ಕಿಯ ನಾಲ್ಕರಷ್ಟು ಭಾರ! ನೀರು ವ್ಯತ್ಯಾಸವನ್ನು ಎರಡರಷ್ಟಕ್ಕೂ ಮಿಗಿಲಾಗಿ ಹಿಗ್ಗಿಸಿದೆ. ಗಣಿಗಳಲ್ಲಿ ಅದಿರನ್ನು ಹಗುರವಾದ ಮಣ್ಣಿನಿಂದ ನೀರಿನ ನೆರವಿನಿಂದ ಬೇರ್ಪಡಿಸುವುದರ ಹಿಂದೆ ಇರುವ ತತ್ತ್ವವೂ ಇದೇ. ಮೇಲಿನ ಓಲೆಯಲ್ಲಿ ಹೆಸರಿಸಿದ ವಿಧಾನಗಳ ಸಾಲಿನಲ್ಲಿ ಜಾಲಿಸುವುದು ಇಲ್ಲ. ಅದು ಮನೆಯಿಂದ ಬಂತು. ಉಪಾಧ್ಯಾಯರು ಆ ಪದವನ್ನು ಕರಿಹಲಗೆಯ ಮೇಲೆ ಉಳಿದ ವಿಧಾನಗಳ ಕೆಳಗೆ ಬರೆದ ಕ್ಷಣದಲ್ಲಿ ಆ ತಾಯಿ ತರಗತಿಯೊಳಕ್ಕೆ ಬಂದಳು.

ಗಣಿತದಲ್ಲಿಯೂ ಹೀಗೆಯೇ. ಐದನೆಯ ಅಥವಾ ಆರನೆಯ ತರಗತಿಯ ಮಗು ಅರ್ಧವನ್ನು ಕಾಲಿನಿಂದ ಗುಣಿಸಿದರೆ ಉತ್ತರ ಏಕೆ ಚಿಕ್ಕದಾಗುತ್ತದೆಂದು ತಲೆ ಕೆರೆದುಕೊಳ್ಳುತ್ತದೆ. ಗುಣಿಸಿದರೆ ಹೆಚ್ಚಾಗಬೇಕಲ್ಲವೆ? ಹಳೆಯ ಮೈಸೂರಿನ ಮನೆಯಲ್ಲಿ ಅಜ್ಜಿಯ ಬಳಿ ಸೇರು, ಪಾವು, ಅರೆಪಾವುಗಳು ಇನ್ನೂ ಉಳಿದಿದ್ದರೆ ಅವೇ ಉತ್ತರ ಹೇಳುತ್ತವೆ. ಸೇರಿಗೆ ನಾಲ್ಕು ಪಾವು. ಪಾವೆಂದರೆ ಸೇರಿನ ಕಾಲು. ಕಾಲಿನ ಅರ್ಧ ಅರೆಪಾವು; ಅರೆಪಾವು ಎಂಟು ಸಲ ಸುರಿದರೆ ಸೇರು ತುಂಬುತ್ತದೆ. ಅರ್ಧ ಗುಣಿಸು ಕಾಲು, ಎಂಟನೆಯ ಒಂದು ಪಾಲು. ಓಲೆಯಲ್ಲಿ "ಮನೆಯಲ್ಲಿ ಪಾವು ಇದ್ದರೆ ಅಳೆದು ತೋರಿಸಿರಿ" ಎಂಬ ಒಂದು ಸಾಲು ಇದ್ದರೆ ಸಾಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು ಉಪಾಧ್ಯಾಯರ ಸಮಯ. ಹಳ್ಳಿಯ ಶಾಲೆಯಲ್ಲಿ ಒಬ್ಬರೇ ಹಲವು ತರಗತಿಗಳನ್ನು ನೋಡಿಕೊಳ್ಳುತ್ತಾರೆ. ಬಿಸಿಯೂಟದ ಲೆಕ್ಕ, ಗಣಕಯಂತ್ರಕ್ಕೆ ತುಂಬಬೇಕಾದ ಮಾಹಿತಿ, ಚುನಾವಣೆಯ ಕೆಲಸ ಇವೆಲ್ಲ ಅವರ ಹೆಗಲ ಮೇಲಿವೆ. ಇನ್ನೊಂದು ಹೊರೆಯನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಓಲೆಯನ್ನು ಮಕ್ಕಳೇ ಬರೆಯಲಿ. ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ, ಈ ವಾರ ಏನು ಕಲಿತೆವೆಂದು ಉಪಾಧ್ಯಾಯರು ಕೇಳಲಿ. ಮಕ್ಕಳು ಹೇಳಿದುದನ್ನು ಕರಿಹಲಗೆಯ ಮೇಲೆ ಹತ್ತು ಸಾಲಿಗೆ ಇಳಿಸಿ ಎಲ್ಲರೂ ನಕಲು ಮಾಡಿಕೊಳ್ಳಲಿ. ಏನು ಕಲಿತೆವೆಂದು ಹೇಳಲು ಮಕ್ಕಳು ತಡವರಿಸಿದರೆ, ಆ ಪಾಠವನ್ನು ಇನ್ನೊಮ್ಮೆ ಮಾಡಬೇಕೆಂಬುದು ಉಪಾಧ್ಯಾಯರಿಗೂ ಅಲ್ಲಿಯೇ ಗೊತ್ತಾಗುತ್ತದೆ. ಮರುಪಾಠಕ್ಕೆ ಕೊಡುವ ಕಾಲವನ್ನೇ ಓಲೆಗೆ ಕೊಟ್ಟಂತಾಯಿತು.

ಎರಡನೆಯ ಆಕ್ಷೇಪಣೆ ಭಾಷೆಯದು. ಆಂಗ್ಲ ಮಾಧ್ಯಮದ ಶಾಲೆಗಳು ಮನೆಗೆ ಕಳುಹಿಸುವ ಸೂಚನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಓದಲಾಗದ ಓಲೆ ತಂದೆತಾಯಿಗಳಿಗೆ ತಿಳಿಸುವುದು ಒಂದೇ ಸುದ್ದಿ: ನೀವು ಇಲ್ಲಿಗೆ ಸೇರಿದವರಲ್ಲ ಎಂಬುದು. ಪಾಠ ಯಾವ ಭಾಷೆಯಲ್ಲಿಯೇ ನಡೆಯಲಿ, ಓಲೆ ಮನೆಯ ಭಾಷೆಯಲ್ಲಿರಬೇಕು. ಕನ್ನಡ ಓದಲು ಬಾರದ ಮನೆಯಾದರೆ ಮಗು ಅದನ್ನು ತುಳುವಿನಲ್ಲೋ ಉರ್ದುವಿನಲ್ಲೋ ಲಂಬಾಣಿಯಲ್ಲೋ ತನ್ನ ಬಾಯಿಂದ ಹೇಳಲಿ. ಬಾಷ್ಪೀಕರಣವನ್ನು ಮನೆಮಾತಿನಲ್ಲಿ ಹೇಳಬಲ್ಲ ಮಗುವಿಗೆ ಬಾಷ್ಪೀಕರಣ ಅರ್ಥವಾಗಿದೆ.

ಮೂರನೆಯದು ಫೋನಿನ ಪ್ರಶ್ನೆ. ವಾಟ್ಸಾಪ್ ಗುಂಪು ಇದೆಯಲ್ಲ, ಓಲೆ ಏಕೆ ಎನ್ನುವವರುಂಟು. ಗುಂಪಿನಲ್ಲಿ ಹಾಕುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅನೇಕ ಮನೆಗಳಲ್ಲಿ ಆ ಬಗೆಯ ಫೋನು ಇರುವುದು ಒಂದು. ಅದು ಕೆಲಸಕ್ಕೆ ಹೋದ ತಂದೆಯ ಜೇಬಿನಲ್ಲಿರುತ್ತದೆ. ನೋಟುಪುಸ್ತಕದಲ್ಲಿ ಮಗು ಬರೆದುಕೊಂಡು ಬಂದ ಹತ್ತು ಸಾಲು ತಾಯಿಯ ಕಣ್ಣ ಮುಂದೆಯೇ ಇರುತ್ತದೆ. ಶಾಲೆಯ ಗೇಟಿನ ಬಳಿ ಒಂದು ಕರಿಹಲಗೆಯನ್ನು ತೂಗುಹಾಕಿ ಅದರ ಮೇಲೆಯೂ ಬರೆದರೆ ದಾರಿಹೋಕರೂ ಓದಿಯಾರು. ಇನ್ನೊಂದು ಎಚ್ಚರಿಕೆ ಮುಖ್ಯವಾದುದು. ಪಾಠದ ಸುದ್ದಿ ಎಲ್ಲರದು. ಮಗುವಿನ ಸುದ್ದಿ ಆ ಮನೆಯದು ಮಾತ್ರ. 'ಇವನಿಗೆ ಭಾಗಾಕಾರದಲ್ಲಿ ಶೇಷವನ್ನು ಇಳಿಸುವುದು ಇನ್ನೂ ಗೊತ್ತಾಗಿಲ್ಲ' ಎಂಬುದು ಬೇಕಾದ ಮಾತೇ. ಅದನ್ನು ಆ ಮಗುವಿನ ಪುಸ್ತಕದಲ್ಲಿ ಬರೆಯಬೇಕು, ನಲವತ್ತು ಮನೆಗಳು ನೋಡುವ ಗುಂಪಿನಲ್ಲಿ ಅಲ್ಲ. ಹನ್ನೊಂದು ವರ್ಷದ ಮಗುವಿಗೆ ಮಾನಾಪಮಾನಗಳು ಹಿರಿಯರಿಗಿಂತ ಕಡಮೆಯೇನೂ ಅಲ್ಲ.

೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ, ಅದೇ ವರ್ಷ ನಮ್ಮ ರಾಜ್ಯದಲ್ಲಿ 'ವಿದ್ಯಾಗಮ' ನಡೆದಾಗ ಉಪಾಧ್ಯಾಯರು ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಪಾಠ ಹೇಳಿದರು. ಅದು ಸಂಕಟದ ಕಾಲದ ಏರ್ಪಾಡು. ಮತ್ತೆ ಬೇಕೆಂದು ಯಾರೂ ಬಯಸರು. ಆದರೆ ಪಾಠವು ಜಗಲಿಯವರೆಗೆ ಬರಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು. ಸಂಕಟವಿಲ್ಲದ ಕಾಲದಲ್ಲಿ ಆ ದಾರಿಯನ್ನು ಹತ್ತು ಸಾಲಿನ ಓಲೆ ಸವೆಸಲಿ.

ಈ ಮಾತನ್ನು ಉಪಾಧ್ಯಾಯರ ಪತ್ರಿಕೆಯಲ್ಲಿ ಬರೆಯದೆ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಐದು, ಆರು, ಏಳನೆಯ ತರಗತಿಯ ತಮ್ಮನೋ ತಂಗಿಯೋ ಇದ್ದಾರೆ. ಶಾಲೆಯಿಂದ ಬಂದ ಕಾಗದವನ್ನು ಮನೆಯಲ್ಲಿ ಓದಿ ಹೇಳುವವರು ನೀವೇ. ಬೋಟ್ಸ್ವಾನದ ಪ್ರಯೋಗದಲ್ಲಿ ಫೋನಿನ ಆಚೆಯ ದನಿ ಮಾಡಿದ ಕೆಲಸವನ್ನು ನಿಮ್ಮ ಮನೆಯಲ್ಲಿ ಮಾಡಬಲ್ಲವರೂ ನೀವೇ. ಅದಕ್ಕೆ ಫೋನಿನ ಖರ್ಚೂ ಇಲ್ಲ. ಶಾಲೆ ಓಲೆ ಕಳುಹಿಸುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಶನಿವಾರ ತಂಗಿಯ ಪುಸ್ತಕವನ್ನು ತೆರೆದು ಈ ವಾರ ಯಾವ ಪಾಠವಾಯಿತೆಂದು ಕೇಳಿರಿ. ಅಂಕವನ್ನು ಕೇಳಬೇಡಿರಿ. ಅವಳು ಹೇಳಿದುದರಲ್ಲಿ ಅಮ್ಮನಿಗೋ ಅಜ್ಜನಿಗೋ ಗೊತ್ತಿರುವ ಯಾವುದಾದರೂ ಒಂದು ಎಳೆಯನ್ನು ಹಿಡಿದು, ಅವರನ್ನು ಕೇಳುವಂತೆ ಅವಳಿಗೆ ಹೇಳಿರಿ. ಉತ್ತರ ತಪ್ಪಾಗಿದ್ದರೂ ಚಿಂತೆಯಿಲ್ಲ. ಸೋಮವಾರ ಅದನ್ನು ಪರೀಕ್ಷಿಸಲು ತರಗತಿ ಇದೆ. ಪ್ರಶ್ನೆ ಮನೆಯಿಂದ ಹೊರಟು ಶಾಲೆಗೆ ಹೋಗಿ ಉತ್ತರವನ್ನು ತರುವುದು, ಶಾಲೆಯಿಂದ ಹೊರಟ ಪ್ರಶ್ನೆಗೆ ಮನೆ ಉತ್ತರ ಕೊಡುವುದು, ಇವೆರಡೂ ವಾರ ವಾರವೂ ನಡೆಯುತ್ತಿರುವ ಮನೆಯಲ್ಲಿ ವಿಜ್ಞಾನವನ್ನು ಬೇರೆಯಾಗಿ ಪ್ರಚಾರ ಮಾಡಬೇಕಾಗಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.